ಲೋಹ ನುಂಗಿದ ಜಲಜನಕ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸುರಪುರದ ಬಸ್ಸಿಗಾಗಿ ಶಹಾಪುರದಲ್ಲಿ ಕಾಯುತ್ತ ನಿಂತಿದ್ದೆ. ಎದುರಿಗೊಂದು ವೆಲ್ಡಿಂಗ್ ಅಂಗಡಿ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿ ಮುಗಿಸಿ ಐಟಿಐ ಮಾಡಿದವನು. ಅವನ ಮುಂದೆ ಹಿರಿಯ ರೈತರೊಬ್ಬರು ಟ್ರ್ಯಾಕ್ಟರ್ ಟ್ರ್ಯಾಲಿಯ ಕೊಂಡಿ ಹಿಡಿದು ಸಿಟ್ಟಿನಿಂದ ನಿಂತಿದ್ದರು.

"ನಿನ್ನಿ ಸಂಜಿಕ ಬೆಸದು ಕೊಟ್ಟೀದಿ. ರಾತ್ರಿ ಒಂದು ಚೀಲ ಸೈತ ಹೇರಿಲ್ಲ. ಮುಂಜಾನೆ ಎದ್ದು ನೋಡಿದ್ರ ಸೀಳ್ಯಾದ!"

"ಕಾಕಾ, ರಾಡ್ ಹಸಿ ಇದ್ವು. ಮಳ್ಯಾಗ ಪಾಕೀಟು ತೊಯ್ದಿತ್ತು. ಇವತ್ತ ಒಣಗಿಸಿ ಮತ್ತ ಹೊಡದು ಕೊಡ್ತೀನಿ, ರೊಕ್ಕ ಬ್ಯಾಡ."

ಹೀಗೆಂದು ಅವನು ವೆಲ್ಡಿಂಗ್ ರಾಡುಗಳನ್ನು ಸ್ಟೋವಿನ ಮೇಲಿನ ತಗಡಿನ ಮೇಲೆ ಹರಡಿದ. ಹಪ್ಪಳ ಬೆಚ್ಚಗೆ ಮಾಡುವಂತೆ ಅವನ್ನು ಹೊರಳಿಸತೊಡಗಿದ. ನನಗೆ ಬಸ್ಸು ತಪ್ಪಿತು. ಆದರೆ ಒಂದು ಒಳ್ಳೆಯ ಪಾಠ ಸಿಕ್ಕಿತು.

ಬೆಸುಗೆ ಹಾಕುವಾಗ ಸೀಳದ ಉಕ್ಕು, ಭಾರ ಹೇರಿದಾಗಲೂ ಅಲ್ಲದೆ, ರಾತ್ರಿ ಸುಮ್ಮನೆ ಬಿದ್ದಿದ್ದಾಗ ಏಕೆ ಸೀಳಿತು? ರಾಡಿನ ಮೇಲಿನ ಲೇಪದಲ್ಲಿದ್ದ ತೇವ ಆ ಪ್ರಚಂಡ ಬಿಸಿಗೆ ಒಡೆದು ಜಲಜನಕವಾಯಿತು. ಕರಗಿದ ಉಕ್ಕು ಅದನ್ನು ಕುಡಿಯಿತು. ಉಕ್ಕು ಆರಿ ಗಟ್ಟಿಯಾದ ಮೇಲೂ ಜಲಜನಕದ ಪರಮಾಣುಗಳು ಒಳಗೊಳಗೇ ಹರಿದಾಡಿ, ಬೆಸುಗೆಯ ಅಂಚಿನಲ್ಲಿ ಎಲ್ಲಿ ಎಳೆತ ಹೆಚ್ಚೋ ಅಲ್ಲಿ ಗುಂಪುಗೂಡಿದವು. ಅದಕ್ಕೆ ಕೆಲವು ಗಂಟೆ ಬೇಕು, ಒಮ್ಮೊಮ್ಮೆ ಒಂದೆರಡು ದಿನ. ಅನಂತರ ಉಕ್ಕು ಬಾಗುವ ಗುಣವನ್ನೇ ಮರೆಯುತ್ತದೆ. ಬಿಸಿ ರೊಟ್ಟಿಗೂ ಖಡಕ್ ರೊಟ್ಟಿಗೂ ಇರುವ ವ್ಯತ್ಯಾಸ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಒಂದನ್ನು ಮಡಚಬಹುದು, ಇನ್ನೊಂದು ಮುರಿಯುತ್ತದೆ. ಹೀಗೆ ಬಾಗದೆ ಮುರಿಯುವ ಗುಣಕ್ಕೆ ಪೆಡಸು ಎನ್ನುತ್ತೇವೆ.

ಇದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಡಬ್ಲ್ಯು.ಎಚ್. ಜಾನ್ಸನ್ ಎಂಬವರು 1875ರಲ್ಲಿಯೇ ರಾಯಲ್ ಸೊಸೈಟಿಗೆ ಈ ಬಗ್ಗೆ ಬರೆದಿದ್ದರು. ಕಬ್ಬಿಣ, ಉಕ್ಕಿನ ತಂತಿಯನ್ನು ಸ್ವಲ್ಪ ಹೊತ್ತು ಆಮ್ಲದಲ್ಲಿ ಅದ್ದಿ ತೆಗೆದರೆ ಅದು ಬಾಗಿಸಿದ ಕೂಡಲೇ ಮುರಿಯುವುದನ್ನು ಅವರು ಕಂಡರು. ಮುರಿದ ತುದಿಗೆ ನೀರು ಹಚ್ಚಿದಾಗ ಅಲ್ಲಿಂದ ಗುಳ್ಳೆಗಳು ಎದ್ದವು. ಅದೇ ತಂತಿಯನ್ನು ಕೆಲವು ದಿನ ಹಾಗೇ ಬಿಟ್ಟರೆ, ಇಲ್ಲವೆ ಬೆಚ್ಚಗೆ ಮಾಡಿದರೆ, ಮೊದಲಿನ ಗುಣ ಬಹುಪಾಲು ಮರಳಿ ಬಂತು. ನುಂಗಿದ್ದನ್ನು ಲೋಹ ಹೊರಗೆ ಬಿಟ್ಟಿತ್ತು. ಶಾಲೆಯಲ್ಲಿ ಸತುವಿನ ಮೇಲೆ ಆಮ್ಲ ಹಾಕಿ ಜಲಜನಕ ತಯಾರಿಸಿ, ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು 'ಪಟ್' ಎನ್ನಿಸುವಾಗ, ಹಳೆಯ ಗಡಿಯಾರದ ಸ್ಪ್ರಿಂಗಿನ ತುಂಡೊಂದನ್ನೂ ಆಮ್ಲದಲ್ಲಿ ಹಾಕಿಡುವುದು ನನ್ನ ರೂಢಿ. ಬಿಲ್ಲಿನಂತೆ ಬಾಗುತ್ತಿದ್ದ ಸ್ಪ್ರಿಂಗು ಹೊರತೆಗೆದು ಬಾಗಿಸಿದರೆ ಕಡ್ಡಿಯಂತೆ ಮುರಿಯುತ್ತದೆ. 'ಪಟ್' ಎಂದಾಗ ಚಪ್ಪಾಳೆ ಹೊಡೆಯುವ ಮಕ್ಕಳು ಈ ಸದ್ದಿಗೆ ಸುಮ್ಮನಾಗುತ್ತಾರೆ.

ಉಕ್ಕಿನಲ್ಲಿ ಜಲಜನಕ ನಿಖರವಾಗಿ ಏನು ಮಾಡುತ್ತದೆ ಎಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. ಅದು ಮಾಡುವ ಹಾನಿಯ ಬಗ್ಗೆ ಮಾತ್ರ ಯಾರಿಗೂ ಸಂಶಯವಿಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ಹೊಸ ಸೇತುವೆಯಲ್ಲಿ 2013ರ ಮಾರ್ಚಿನಲ್ಲಿ 96 ಭಾರಿ ಉಕ್ಕಿನ ಸರಳುಗಳನ್ನು ಬಿಗಿದರು. ಕೆಲವೇ ದಿನಗಳಲ್ಲಿ ಅವುಗಳಲ್ಲಿ 32 ತಾವಾಗಿಯೇ ಮುರಿದವು. ಇನ್ನೂ ಸೇತುವೆಯ ಮೇಲೆ ವಾಹನ ಓಡಿರಲಿಲ್ಲ. ನಮ್ಮ ಟ್ರ್ಯಾಲಿಯ ಕೊಂಡಿಯದೂ ಅದೇ ಕಥೆ.

ಇಷ್ಟಕ್ಕೆ ಮುಗಿಯುತ್ತಿತ್ತೇನೋ. ವಾರದ ನಂತರ ಆ ಹುಡುಗ ಮನೆಗೆ ಬಂದ. ಬೇರೆ ರಾಜ್ಯದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ರಿಯಾಕ್ಟರಿನ ಕೊಳವೆ ಬದಲಿಸುವ ಕೆಲಸವಿದೆ, ಕೆಲವು ತಿಂಗಳು ಬರುತ್ತೀಯಾ ಎಂದು ಗುತ್ತಿಗೆದಾರನೊಬ್ಬ ಅವನನ್ನು ಕರೆದಿದ್ದನಂತೆ. ಕೂಲಿ ಚೆನ್ನಾಗಿದೆ. ತಾಯಿಗೆ ಮಾತ್ರ ಹೆದರಿಕೆ.

"ಸರ್, ಆ ಕೊಳವಿ ತುಕ್ಕು ಹಿಡಿದಿಲ್ಲಂತ್ರಿ, ತೂತೂ ಬಿದ್ದಿಲ್ಲಂತ. ಮತ್ಯಾಕ ಕೋಟಿಗಟ್ಲೆ ಖರ್ಚು ಮಾಡಿ ಎಲ್ಲಾ ಕಿತ್ತು ಹಾಕ್ತಾರ್ರಿ?"

"ನಿನ್ನ ಹಸಿ ರಾಡಿನ ಸಲುವಾಗೇ ಕಣೋ" ಎಂದೆ. ಅವನು ನಕ್ಕ. ನಾನು ನಗೆಗಾಗಿ ಹೇಳಿರಲಿಲ್ಲ.

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಅಣುಶಕ್ತಿ ಎಂದ ಕೂಡಲೇ ಮಾತು ಹೊರಳುವುದು ಶಹಾಪುರ ತಾಲ್ಲೂಕಿನ ಗೋಗಿಯ ಕಡೆಗೆ. ಅಲ್ಲಿಯ ನೆಲದಡಿ, ಸುಣ್ಣಕಲ್ಲಿನಲ್ಲಿಯೂ ಅದರ ಕೆಳಗಿನ ಗ್ರಾನೈಟಿನಲ್ಲಿಯೂ ಯುರೇನಿಯಂ ಅದಿರು ಇರುವುದು ಪತ್ತೆಯಾದ ಮೇಲೆ ಬಾವಿಯ ನೀರಿನ ಬಗ್ಗೆ, ಜಮೀನಿನ ಬಗ್ಗೆ ಜನ ಕೇಳಿದ ಪ್ರಶ್ನೆಗಳು ನ್ಯಾಯವಾದವು. ಆದರೆ ಇಂಥ ಅದಿರಿನ ಯುರೇನಿಯಂ ಕೊನೆಗೆ ಎಲ್ಲಿ ಹೋಗಿ ಕೂಡುತ್ತದೆ ಎಂದು ಕೇಳಿದವರು ಕಡಿಮೆ. ಅದು ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ಇಂಧನವಾಗಿ, ಕೈಗಾದಂಥ ಸ್ಥಾವರದ ಕೊಳವೆಯೊಳಗೆ ಹೋಗಿ ಕೂಡುತ್ತದೆ. ಆ ಕೊಳವೆ ತಯಾರಾಗುವುದೂ ಅದೇ ಹೈದರಾಬಾದಿನಲ್ಲಿ.

ಕಾರವಾರ ತಾಲ್ಲೂಕಿನ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಪ್ರತಿ ಘಟಕದ ಹೊಟ್ಟೆಯಲ್ಲಿ ಅಡ್ಡಡ್ಡವಾಗಿ ಮಲಗಿಸಿದ 306 ಕೊಳವೆಗಳು. ಒಂದೊಂದರ ಒಳಗೆ ಹನ್ನೆರಡು ಇಂಧನದ ಕಟ್ಟುಗಳು. ಕೊಳವೆಯ ಒಳ ಅಗಲ ಎಂಟು ಸೆಂಟಿಮೀಟರಿಗಿಂತ ತುಸು ಹೆಚ್ಚು, ಉದ್ದ ಸುಮಾರು ಐದು ಮೀಟರು, ಗೋಡೆಯ ದಪ್ಪ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರೊಳಗೆ ಭಾರಜಲ ಹರಿಯುತ್ತದೆ. ಹೊರಬೀಳುವಾಗ ಅದರ ಬಿಸಿ 293 ಡಿಗ್ರಿ. ಆದರೂ ಕುದಿದು ಉಗಿಯಾಗದಂತೆ, ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಸುಮಾರು ನಲವತ್ತು ಪಟ್ಟು ಒತ್ತಡದಲ್ಲಿ ಅದನ್ನು ಅದುಮಿ ಇಟ್ಟಿರುತ್ತಾರೆ.

ಇಷ್ಟು ಒತ್ತಡಕ್ಕೆ ಉಕ್ಕನ್ನೇ ಏಕೆ ಬಳಸಬಾರದು? ಉಕ್ಕು ನ್ಯೂಟ್ರಾನುಗಳನ್ನು ತಿನ್ನುತ್ತದೆ. ನಮ್ಮ ಈ ರಿಯಾಕ್ಟರುಗಳು ನೆಲದಿಂದ ತೆಗೆದ ಯುರೇನಿಯಮ್ಮನ್ನು ಇದ್ದ ಹಾಗೆಯೇ ಉರಿಸುತ್ತವೆ. ಅದರಲ್ಲಿ ಒಡೆಯುವ ಜಾತಿಯ ಯುರೇನಿಯಂ ನೂರಕ್ಕೆ 0.7 ಭಾಗ ಮಾತ್ರ. ಬಡವರ ಮನೆಯ ಹಿಟ್ಟಿನ ಡಬ್ಬಿಯಂತೆ ಇಲ್ಲಿ ಪ್ರತಿ ನ್ಯೂಟ್ರಾನಿಗೂ ಲೆಕ್ಕವಿದೆ. ನ್ಯೂಟ್ರಾನುಗಳನ್ನು ಬಹುಮಟ್ಟಿಗೆ ಮುಟ್ಟದೆ ಹಾದುಹೋಗಲು ಬಿಡುವ, ಬಿಸಿಯನ್ನೂ ತಡೆಯುವ ಲೋಹ ಜಿರ್ಕೋನಿಯಂ. ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಿಂದ ಅದನ್ನು ತೆಗೆಯುತ್ತಾರೆ. ಅದರ ಜೊತೆಗೇ ಅವಳಿಯಂತೆ ಅಂಟಿಕೊಂಡಿರುವ ಹಾಫ್ನಿಯಂ ಅದರ ಐನೂರು ಪಟ್ಟಿಗೂ ಹೆಚ್ಚು ನ್ಯೂಟ್ರಾನು ತಿನ್ನುವುದರಿಂದ, ಅದನ್ನು ಬಿಡಿಸಿ ಹಾಕುವುದೇ ಒಂದು ದೊಡ್ಡ ಸಾಹಸ. ಆ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ನಮ್ಮ ಹಸಿ ರಾಡಿನ ವಿಷಯಕ್ಕೆ ಬರೋಣ. ಬಿಸಿ ಭಾರಜಲ ಜಿರ್ಕೋನಿಯಮ್ಮಿನ ಮೇಲೆ ವರ್ಷಗಟ್ಟಲೆ ಹರಿಯುವಾಗ ಲೋಹ ನೀರಿನಿಂದ ಆಮ್ಲಜನಕವನ್ನು ನಿಧಾನವಾಗಿ ಕಿತ್ತುಕೊಂಡು ತನ್ನ ಮೇಲೆ ತೆಳುವಾದ ಆಕ್ಸೈಡಿನ ಅಂಗಿ ತೊಡುತ್ತದೆ. ಈ ಅಂಗಿ ಅದಕ್ಕೆ ರಕ್ಷಣೆಯೇ. ಆದರೆ ಆಮ್ಲಜನಕ ಹೋದ ಮೇಲೆ ಉಳಿಯುವುದು ಜಲಜನಕ. ಭಾರಜಲವಾದ್ದರಿಂದ ಇಲ್ಲಿ ಅದರ ಭಾರದ ಅಣ್ಣ ಡ್ಯುಟೀರಿಯಂ. ಗುಣ ಒಂದೇ ಆದ್ದರಿಂದ ಜಲಜನಕವೆಂದೇ ಕರೆಯುತ್ತೇನೆ. ಅದರಲ್ಲಿ ಹೆಚ್ಚಿನದು ನೀರಿನೊಡನೆ ಹೋಗುತ್ತದೆ. ಒಂದಿಷ್ಟು ಲೋಹದೊಳಗೆ ಇಳಿಯುತ್ತದೆ. ಯಾವ ನೀರು ಇಂಧನವನ್ನು ತಣ್ಣಗಿಡುತ್ತದೆಯೋ ಅದೇ ನೀರು ಕೊಳವೆಗೆ ಜಲಜನಕವನ್ನು ಉಣ್ಣಿಸುತ್ತಿರುತ್ತದೆ. ಬೀಗ ಹಾಕಿ ಹೊರಗಿಡಬಹುದಾದ ಶತ್ರುವಲ್ಲ ಇದು.

ಉಕ್ಕಿನಲ್ಲಿರುವ ತಕರಾರು ಇಲ್ಲಿಲ್ಲ. ಜಿರ್ಕೋನಿಯಮ್ಮಿನಲ್ಲಿ ನಡೆಯುವುದು ಸ್ಪಷ್ಟವಾಗಿ ಗೊತ್ತಿದೆ. ಬಿಸಿ ನೀರಿನಲ್ಲಿ ಸಕ್ಕರೆ ಹೆಚ್ಚು ಕರಗುತ್ತದೆ, ಪಾಕ ಆರಿದಾಗ ತಳದಲ್ಲಿ ಹರಳುಗಟ್ಟುತ್ತದೆ. ಹಾಗೆಯೇ 300 ಡಿಗ್ರಿಯ ಹತ್ತಿರ ಹತ್ತು ಲಕ್ಷ ಭಾಗ ಜಿರ್ಕೋನಿಯಂ ಸುಮಾರು 60 ಭಾಗ ಜಲಜನಕವನ್ನು ಕರಗಿಸಿಕೊಳ್ಳಬಲ್ಲದು. ಮನೆಯ ಬಿಸಿಗೆ ಬಂದರೆ ಒಂದು ಭಾಗವನ್ನೂ ಹಿಡಿಯಲಾರದು. ರಿಯಾಕ್ಟರು ನಿಂತು ಕೊಳವೆ ತಣ್ಣಗಾದಾಗ ಮಿಕ್ಕಿದ್ದೆಲ್ಲ ಲೋಹದೊಡನೆ ಸೇರಿ ಹೈಡ್ರೈಡ್ ಎಂಬ ಸಂಯುಕ್ತವಾಗಿ, ಸಣ್ಣ ಸಣ್ಣ ಹಲ್ಲೆಗಳಂತೆ ಒಳಗೆ ಹರಳುಗಟ್ಟುತ್ತದೆ. ಲೋಹವಿನ್ನೂ ಬಿಸಿ ರೊಟ್ಟಿ, ಅದರೊಳಗೆ ಹುದುಗಿದ ಈ ಹಲ್ಲೆಗಳು ಖಡಕ್ ರೊಟ್ಟಿಯ ಚೂರುಗಳು.

60 ಭಾಗ ಎಂದರೆ ಎಷ್ಟು? ಹುಡುಗನಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಉದ್ದ, ಅಗಲ, ದಪ್ಪ, ಸಾಂದ್ರತೆ ಎಲ್ಲ ಗುಣಿಸಿದರೆ ಒಂದು ಕೊಳವೆಯ ತೂಕ ಸುಮಾರು 30 ಕಿಲೋ. ಅದರಲ್ಲಿ 60 ಭಾಗ ಜಲಜನಕವೆಂದರೆ ಎರಡು ಗ್ರಾಮೂ ಪೂರ್ತಿ ಇಲ್ಲ. ಅರ್ಧ ಚಮಚೆಗಿಂತ ಕಡಿಮೆ ಉಪ್ಪಿನ ತೂಕ!

ಅದು ಕೊಳವೆಯ ತುಂಬ ಸಮನಾಗಿ ಹರಡಿಕೊಂಡಿದ್ದರೆ ಚಿಂತೆ ಕಡಿಮೆ. ಆದರೆ ಜಲಜನಕಕ್ಕೆ ಎರಡು ಚಟಗಳಿವೆ. ಒಂದು, ಲೋಹದಲ್ಲಿ ಎಲ್ಲಿ ತಂಪೋ ಅಲ್ಲಿಗೆ ಅದು ಸರಿಯುತ್ತದೆ. ಇನ್ನೊಂದು, ಎಲ್ಲಿ ಎಳೆತ ಹೆಚ್ಚೋ ಅಲ್ಲಿಗೆ ಸರಿಯುತ್ತದೆ. ಕೊಳವೆಯಲ್ಲಿ ಎಲ್ಲೋ ಒಂದು ಗೀರು ಇದೆ ಎನ್ನಿ. ಗೀರಿನ ತುದಿಯಲ್ಲಿ ಎಳೆತ ಹೆಚ್ಚು. ಜಲಜನಕ ಅಲ್ಲಿ ಸೇರಿ ಹೈಡ್ರೈಡಾಗುತ್ತದೆ. ಆ ಹಲ್ಲೆ ಸೀಳುತ್ತದೆ. ಗೀರು ಒಂದು ಕೂದಲಿನಷ್ಟು ಮುಂದೆ ಹೋಗಿ ಒಳ್ಳೆಯ ಲೋಹ ಸಿಕ್ಕಿ ನಿಲ್ಲುತ್ತದೆ. ಈಗ ಹೊಸ ತುದಿ, ಹೊಸ ಎಳೆತ. ಮತ್ತೆ ಜಲಜನಕ ಅಲ್ಲಿಗೆ ನಡೆದು ಬರಲು ಸ್ವಲ್ಪ ಕಾಲ ಬೇಕು. ಬಂದ ಮೇಲೆ ಮತ್ತೊಂದು ಹೆಜ್ಜೆ. ಇದಕ್ಕೆ ತಡೆದು ಬರುವ ಹೈಡ್ರೈಡ್ ಬಿರುಕು ಎಂದು ಹೆಸರು. ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ 1974-75ರ ಸುಮಾರಿಗೆ ಕೊಳವೆಗಳ ತುದಿಯ ಜೋಡಣೆಯ ಬಳಿ ಸೋರಿಕೆ ಕಂಡಾಗ ಈ ಚಾಳಿ ಬಯಲಾಯಿತು. ಅಲ್ಲಿ ಕೊಳವೆಯನ್ನು ಅತಿಯಾಗಿ ಹಿಗ್ಗಿಸಿ ಕೂಡಿಸಿದ್ದರಿಂದ ಎಳೆತ ಉಳಿದುಬಿಟ್ಟಿತ್ತು.

ಅದೇ ಪಿಕರಿಂಗಿನ ಎರಡನೆಯ ಘಟಕದಲ್ಲಿ 1983ರ ಆಗಸ್ಟ್ 1ರಂದು ನಡೆದದ್ದು ಇನ್ನೂ ಗಂಭೀರವಾದ ಪ್ರಸಂಗ. ಬಿಸಿ ಕೊಳವೆಯ ಸುತ್ತ ಒಂದು ಸೆಂಟಿಮೀಟರಿಗೂ ಕಡಿಮೆ ತೆರವು ಬಿಟ್ಟು ಇನ್ನೊಂದು ತಂಪಾದ ಕೊಳವೆ ಇರುತ್ತದೆ. ಅವೆರಡೂ ಮುಟ್ಟದಿರಲೆಂದು ನಡುವೆ ಬಳೆಯಂಥ ಸ್ಪ್ರಿಂಗುಗಳನ್ನು ತೊಡಿಸಿರುತ್ತಾರೆ. ಅಲ್ಲಿ ಆ ಬಳೆಗಳು ತಮ್ಮ ಜಾಗದಿಂದ ಸರಿದಿದ್ದವು. ವರ್ಷಗಳ ಬಿಸಿಗೆ, ಭಾರಕ್ಕೆ ಕೊಳವೆ ಹಳೆಯ ಮನೆಯ ತೊಲೆಯಂತೆ ಜೋತುಬಿದ್ದು ಹೊರಗಿನ ತಣ್ಣನೆಯ ಕೊಳವೆಯನ್ನು ಮುಟ್ಟಿತು. ಮುಟ್ಟಿದ ಜಾಗ ತಂಪಾಯಿತು. ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆಯ ಹೊರಮೈಗೆ ಗಾಳಿಯ ತೇವವೆಲ್ಲ ಬಂದು ಕೂಡುವಂತೆ ಸುತ್ತಲ ಜಲಜನಕ ಆ ತಾಣಕ್ಕೆ ಬಂದು ಕೂಡಿತು. ಲೋಹಕ್ಕಿಂತ ಹೈಡ್ರೈಡಿಗೆ ಹೆಚ್ಚು ಜಾಗ ಬೇಕು, ಅಲ್ಲಿ ಬೊಕ್ಕೆಗಳೆದ್ದವು. ಒಂದು ದಿನ ಬೊಕ್ಕೆಗಳ ಸಾಲಿನುದ್ದಕ್ಕೂ ಕೊಳವೆ ಸುಮಾರು ಎರಡು ಮೀಟರು ಸೀಳಿತು. ಮೊದಲು ಹನಿಹನಿಯಾಗಿ ಸೋರಿ ಎಚ್ಚರಿಕೆ ಕೊಡುತ್ತದೆ ಎಂಬ ನಂಬಿಕೆ ಅಂದು ಸುಳ್ಳಾಯಿತು. ಸಿಬ್ಬಂದಿ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು, ಹೊರಗಿನವರಿಗೆ ಅಪಾಯವಾಗಲಿಲ್ಲ. ಆದರೆ ಆ ಸ್ಥಾವರದ ಮೊದಲ ನಾಲ್ಕೂ ಘಟಕಗಳ ಕೊಳವೆಗಳನ್ನು ಕಿತ್ತು ಹೊಸದನ್ನು ಕೂಡಿಸಬೇಕಾಯಿತು.

ನಮ್ಮ ದೇಶದ ಮೊದಲ ಏಳು ಭಾರಜಲ ರಿಯಾಕ್ಟರುಗಳ ಕೊಳವೆಗಳೂ ಪಿಕರಿಂಗಿನಲ್ಲಿ ಸೀಳಿದ ಅದೇ ಮಿಶ್ರಲೋಹದವು, ಜಿರ್ಕಾಲಾಯ್-2. ಬಳೆಗಳೂ ಸಡಿಲ. ಆದ್ದರಿಂದ ರಾಜಸ್ಥಾನದ ರಾವತಭಾಟಾದ ಎರಡನೆಯ ಘಟಕವನ್ನು 1994ರಲ್ಲಿ ನಿಲ್ಲಿಸಿ, 306 ಕೊಳವೆಗಳನ್ನೂ ತೆಗೆದು ಹೊಸದು ಕೂಡಿಸಿ 1998ರಲ್ಲಿ ಮತ್ತೆ ನಡೆಸಿದರು. ಮುಂದೆ ಕಲ್ಪಾಕಂ, ನರೋರಾಗಳಲ್ಲಿಯೂ ಇದೇ ಕೆಲಸ ನಡೆಯಿತು. ಈಗಿನ ಕೊಳವೆ ಜಿರ್ಕೋನಿಯಮ್ಮಿಗೆ ನೂರಕ್ಕೆ ಎರಡೂವರೆ ಭಾಗ ನಿಯೋಬಿಯಂ ಕೂಡಿಸಿದ್ದು; ಹೆಚ್ಚು ಗಟ್ಟಿ, ಜಲಜನಕ ನುಂಗುವುದೂ ಕಡಿಮೆ. ಬಳೆಗಳು ನಾಲ್ಕು, ಬಿಗಿಯಾದವು. ಕೈಗಾದಲ್ಲಿರುವುದು ಈ ಜಾತಿಯೇ.

ಎಲ್ಲ ಆಪತ್ತಿಗೂ ಜಲಜನಕವೇ ಕಾರಣ ಎಂದು ತಿಳಿಯಬಾರದು. ಗುಜರಾತಿನ ಕಾಕ್ರಾಪಾರದ ಮೊದಲ ಘಟಕದಲ್ಲಿ 2016ರ ಮಾರ್ಚ್ 11ರಂದು ಕೊಳವೆಯೊಂದು ಸೋರಿದಾಗ ಅದು ಹೊಸ ಮಿಶ್ರಲೋಹದ, ಕೆಲವೇ ವರ್ಷಗಳ ಹಿಂದೆ ಕೂಡಿಸಿದ ಕೊಳವೆ. ನೋಡಿದರೆ ನೀರಿರುವ ಒಳಮೈಗಲ್ಲ, ಅನಿಲವಿರುವ ಹೊರಮೈಗೆ ಗಂಟುಗಂಟಾಗಿ ಸವಕಳಿ ಹತ್ತಿತ್ತು. ಒಳಗಿನ ಕಳ್ಳನಿಗಾಗಿ ಕಾದು ಕುಳಿತಾಗ ಹಿತ್ತಿಲಿನಿಂದ ಇನ್ನೊಬ್ಬ ಬಂದಂತಾಯಿತು. ಅದೇ ರೀತಿ 2011ರ ಫುಕುಶಿಮಾದ ಸ್ಫೋಟದಲ್ಲಿಯೂ ಜಲಜನಕದ ಹೆಸರು ಕೇಳಿಬಂತು. ಅಲ್ಲಿ ನೀರು ತಪ್ಪಿ ಕೆಂಪಗೆ ಕಾದ ಜಿರ್ಕೋನಿಯಂ ಉಗಿಯನ್ನು ಒಡೆದು ರಾಶಿ ಜಲಜನಕ ಬಿಟ್ಟಿತು, ಅದು ಗಾಳಿಯೊಡನೆ ಸೇರಿ ಸಿಡಿಯಿತು. ರಾಸಾಯನಿಕ ಕ್ರಿಯೆ ಒಂದೇ. ಅಲ್ಲಿ ಗಂಟೆಗಳಲ್ಲಿ ನಡೆದದ್ದು ಇಲ್ಲಿ ದಶಕಗಳಲ್ಲಿ ನಡೆಯುತ್ತದೆ.

ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ಸಲವೂ ನಿಲ್ಲದೆ 962 ದಿನ ನಡೆದು ಜಗತ್ತಿನ ದಾಖಲೆ ಮಾಡಿತು. ಪತ್ರಿಕೆಯಲ್ಲಿ ಓದಿ ನಾನೂ ಹೆಮ್ಮೆಪಟ್ಟೆ, ತರಗತಿಯಲ್ಲಿಯೂ ಹೇಳಿದೆ. ಆಮೇಲೆ ಯೋಚಿಸಿದಾಗ ಅದರಲ್ಲಿ ಎರಡು ಮುಖ ಕಂಡವು. ನಿಲ್ಲದೆ ನಡೆದರೆ ಕೊಳವೆ ತಣ್ಣಗಾಗುವುದಿಲ್ಲ, ಹೈಡ್ರೈಡು ಹರಳುಗಟ್ಟುವ ಸಂದರ್ಭ ಕಡಿಮೆ, ಇದು ಒಳ್ಳೆಯದೇ. ಆದರೆ ಕೊಳವೆಯ ಒಳಗೆ ಉಪಕರಣ ಇಳಿಸಿ ಜೋತು ಎಷ್ಟು, ಬಳೆ ಎಲ್ಲಿದೆ, ಗೀರು ಇದೆಯೇ ಎಂದು ನೋಡಬೇಕಾದರೆ ರಿಯಾಕ್ಟರು ನಿಲ್ಲಲೇಬೇಕು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇದಕ್ಕಾಗಿಯೇ ಉಪಕರಣಗಳನ್ನು ಮಾಡಿದ್ದಾರೆ. ಒಂದು ಉಪಕರಣ ಕೊಳವೆಯ ಒಳಮೈಯಿಂದ ಉಗುರಿನಂಥ ತೆಳು ಸಿಪ್ಪೆ ಹೆರೆದು ತರುತ್ತದೆ. ಅದನ್ನು ಕಾಯಿಸಿ ಜಲಜನಕ ಎಷ್ಟಿದೆ ಎಂದು ಅಳೆಯುತ್ತಾರೆ. ಕೊಳವೆಯನ್ನು ಕೀಳದೆ ಅದರ ಆಯುಷ್ಯ ತಿಳಿಯುವ ಈ ವಿದ್ಯೆಯನ್ನು ನಾನು 962 ದಿನಗಳ ದಾಖಲೆಗಿಂತ ದೊಡ್ಡದೆಂದು ಭಾವಿಸುತ್ತೇನೆ. ದಾಖಲೆ ಮಾತ್ರ ಮುಖಪುಟದಲ್ಲಿ ಬಂತು.

ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಕೊಳವೆ ಬದಲಿಸುವ ಮಾತು ಬರುವ ವಯಸ್ಸು ಅವಕ್ಕೆ ಬಂದಿದೆ. ಅಣುಶಕ್ತಿ ಬೇಕೋ ಬೇಡವೋ ಎಂದು ಸಭೆಗಳಲ್ಲಿ ಏರುದನಿಯಲ್ಲಿ ವಾದಿಸುವ ಎರಡೂ ಕಡೆಯವರನ್ನು ನಾನು ಕಂಡಿದ್ದೇನೆ. ಈ ವರ್ಷ ಎಷ್ಟು ಕೊಳವೆಗಳಿಂದ ಸಿಪ್ಪೆ ಹೆರೆದಿರಿ, ಹತ್ತು ಲಕ್ಷಕ್ಕೆ ಎಷ್ಟು ಭಾಗ ಬಂತು ಎಂದು ಕೇಳಿದವರನ್ನು ಕಂಡಿಲ್ಲ. ಕಾಲುವೆಗೆ ನೀರು ಬಿಡುವ ಮುಂಚೆ ನಾರಾಯಣಪುರ ಜಲಾಶಯದ ಮಟ್ಟ ಎಷ್ಟು ಎಂದು ಪ್ರತಿದಿನ ಪತ್ರಿಕೆಯಲ್ಲಿ ಹುಡುಕುವ ರೈತರು ನಾವು. ಆ ಸಂಖ್ಯೆಯೂ ಹಾಗೆಯೇ ಜನರ ಬಾಯಲ್ಲಿ ಇರಬಾರದೇಕೆ?

ಹುಡುಗ ಲೆಕ್ಕದ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ.

"ಮತ್ತ ನಾ ಹೋಗಲ್ರಿ, ಬ್ಯಾಡಾ?"

ಅದನ್ನು ನಾನು ಹೇಳಲಾರೆ ಎಂದೆ. ಹೋದರೆ ಮೊದಲ ದಿನವೇ ಎದೆಗೆ ಹಾಕಿಕೊಳ್ಳುವ ವಿಕಿರಣ ಅಳೆಯುವ ಬಿಲ್ಲೆ ನಿನ್ನ ಹೆಸರಿನದೇ ಇದೆಯೇ ನೋಡು, ಇನ್ನೊಬ್ಬರ ಬಿಲ್ಲೆ ಹಾಕಿಕೊಳ್ಳಬೇಡ, ನಿನ್ನದನ್ನು ಬಿಚ್ಚಿಟ್ಟು ಒಳಗೆ ಹೋಗಬೇಡ. ತಿಂಗಳಿಗೊಮ್ಮೆ ನಿನ್ನ ಲೆಕ್ಕ ಎಷ್ಟಾಯಿತು ಎಂದು ಕೇಳಿ ಬರೆದಿಟ್ಟುಕೋ. ಕಾಯಂ ನೌಕರರಿಗೂ ನಮ್ಮ ದೇಶದಲ್ಲಿ ಯಾವ ವರ್ಷವೂ 30 ಮಿಲಿಸೀವರ್ಟ್ ಮೀರಬಾರದು, ಐದು ವರ್ಷದ ಸರಾಸರಿ 20 ದಾಟಬಾರದು ಎಂಬ ನಿಯಮವಿದೆ. ಇಷ್ಟನ್ನೂ ಅದೇ ಕಾಗದದ ಹಿಂದೆ ಬರೆದುಕೊಟ್ಟೆ. ತಾಯಿಗೆ ಓದಿ ಹೇಳುತ್ತೇನೆ ಎಂದ.

ದೀಪಾವಳಿ ಕಳೆದ ಮೇಲೆ ಹೋದ. ಅಂಗಡಿಯಲ್ಲಿ ಈಗ ಅವನ ತಮ್ಮ ಕೂಡುತ್ತಾನೆ. ಮೊನ್ನೆ ಆ ದಾರಿಯಲ್ಲಿ ಬರುವಾಗ ನೋಡಿದೆ. ಮಳೆ ಇರಲಿಲ್ಲ, ಒಳ್ಳೆಯ ಬಿಸಿಲು. ಆದರೂ ರಾಡುಗಳು ಸ್ಟೋವಿನ ಮೇಲಿದ್ದವು.